ಉಳಿದ ಬುಗುರಿಗಳು

ಹದಿನೈದು ದಿನಕ್ಕೊಮ್ಮೆ ಕೊಂಕಣದಿಂದ ಟೆಂಪೊದಲ್ಲಿ ಸಮುದ್ರದ ನೀರು ಬರುತ್ತದೆ. ನೀಲಿ ಡ್ರಮ್ಮು, ಒಂದೊಂದರಲ್ಲಿ ಐವತ್ತು ಲೀಟರು. ಅವನ್ನು ಇಳಿಸಿಕೊಂಡು, ಬಿಳಿ ಕಾಗದದಲ್ಲಿ ಸೋಸಿ, ತಣ್ಣನೆಯ ಕೋಣೆಯಲ್ಲಿ ಸಾಲಾಗಿ ಇಡುವುದು ನನ್ನ ಮತ್ತು ಅಂಬಣ್ಣ ಕಾಕಾನ ಕೆಲಸ. ನಾನು ಸಮುದ್ರ ನೋಡಿಲ್ಲ. ರುಚಿ ನೋಡಿದ್ದೇನೆ, ಒಂದು ಸಲ, ಬೆರಳಿನ ತುದಿಯಿಂದ.

ಲ್ಯಾಬು ಇರುವುದು ಪುಣೆಯ ಕೋಥರೂಡದಲ್ಲಿ, ಗುಡ್ಡದ ಕಡೆ ಹೋಗುವ ರಸ್ತೆಯ ಒಂದು ಸಂಸ್ಥೆಯ ಎರಡನೆಯ ಮಹಡಿಯಲ್ಲಿ. ನಮ್ಮ ಮನೆ ಬಿಬವೇವಾಡಿ. ಎರಡು ಬಸ್ಸು ಬದಲಿಸಬೇಕು. ನಮ್ಮವರು ಯಾದಗಿರಿ ಕಡೆಯವರು. ಅಪ್ಪ ಕುರಕುಂಭದ ಒಂದು ಕಾರ್ಖಾನೆಯಲ್ಲಿ ಇರುತ್ತಾನೆ, ವಾರಕ್ಕೊಮ್ಮೆ ಬರುತ್ತಾನೆ. ಅವ್ವ ಹುಲಿಗೆವ್ವ ಕಟ್ಟಡದ ಕೆಲಸಕ್ಕೆ ಹೋಗುತ್ತಾಳೆ. ಒಂದು ಕಟ್ಟಡ ಮುಗಿದರೆ ಇನ್ನೊಂದರ ಹತ್ತಿರ ಶೆಡ್ಡು ಹಾಕಿಕೊಂಡು ಬಂದವರು ನಾವು. ಎಂಟನೆಯ ಇಯತ್ತೆಯ ನಡುವೆ ಅಂಥದ್ದೊಂದು ಕಟ್ಟಡ ಮುಗಿಯಿತು, ಶಾಲೆಯೂ ಅಲ್ಲಿಗೇ ಮುಗಿಯಿತು. ಅಂಬಣ್ಣ ಕಾಕಾ ನಮ್ಮ ಪಕ್ಕದ ಊರಿನವನು, ಸಂಸ್ಥೆಯಲ್ಲಿ ಹದಿನೆಂಟು ವರ್ಷದಿಂದ ಅಟೆಂಡರ್. "ಗಾಜು ಒಡೀದಂಗ ತೊಳೀತಾಳ್ರಿ, ಮಾತು ಕಡಿಮಿ" ಎಂದು ಮೇಡಂಗೆ ಹೇಳಿ ಅವನೇ ನನ್ನನ್ನು ಸೇರಿಸಿದ. ಮೇಡಂ ಎಂದರೆ ನರ್ಮದಾ ಮೇಡಂ, ಲ್ಯಾಬಿನ ಮುಖ್ಯಸ್ಥೆ. ಅವರು ಮರಾಠಿ ಬಿಟ್ಟು ಬೇರೆ ಮಾತಾಡುವುದು ಪರದೇಶದ ಫೋನು ಬಂದಾಗ ಮಾತ್ರ.

ಆ ನೀರಿನಲ್ಲಿ ಸಾಕುವುದು ಎರಡು ಜೀವ. ಒಂದು ಹಿಡಿಯುವುದು, ಒಂದು ಹಿಡಿಸಿಕೊಳ್ಳುವುದು.

ಹಿಡಿಯುವುದಕ್ಕೆ ಕೋಪೆಪಾಡ್ ಎಂದು ಹೆಸರು. ಅಂಬಣ್ಣ ಕಾಕಾ ಅದನ್ನು ಮೀಸಿಹುಳ ಎನ್ನುತ್ತಾನೆ. ರವೆಯ ಕಾಳಿನಷ್ಟು ಇರುತ್ತದೆ. ತಲೆಯ ಎರಡೂ ಕಡೆಗೆ ಉದ್ದನೆಯ ಮೀಸೆ, ಮೀಸೆಯ ತುಂಬ ಕೂದಲು. ಹಿಡಿಸಿಕೊಳ್ಳುವುದು ಅದಕ್ಕಿಂತ ಎಷ್ಟೋ ಪಟ್ಟು ಸಣ್ಣದು, ಬರಿಗಣ್ಣಿಗೆ ಕಾಣುವುದಿಲ್ಲ. ಕ್ಯಾಮೆರಾದಲ್ಲಿ ನೋಡಿದರೆ ಬುಗುರಿಯ ಹಾಗೆ ತಿರುಗುತ್ತ ಈಜುತ್ತದೆ. ಅದಕ್ಕೆ ನಾವು ಬುಗುರಿ ಎಂದೇ ಅಂದೆವು. ತನುಶ್ರೀ ಅಕ್ಕ ಮೊದಮೊದಲು ತಿದ್ದುತ್ತಿದ್ದಳು, ಆಮೇಲೆ ಅವಳೂ ಬುಗುರಿ ಎನ್ನತೊಡಗಿದಳು.

ತನುಶ್ರೀ ಅಕ್ಕ ಪಿಎಚ್‌ಡಿ ಮಾಡುವವಳು. ಅವಳ ಅಪ್ಪ ಭುಜಂಗ ಶೆಟ್ಟರದು ಕೋಥರೂಡದಲ್ಲೇ ಹೋಟೆಲು, ಉಡುಪಿ ಕಡೆಯವರು. ಅವಳು ಹುಟ್ಟಿದ್ದು ಪುಣೆಯಲ್ಲಿ, ಕನ್ನಡ ಮಾತ್ರ ಅವರ ಊರಿನದು. ಲ್ಯಾಬಿನಲ್ಲಿ ನನ್ನ ಹತ್ತಿರ ಕನ್ನಡ ಆಡುವುದಕ್ಕೆ ಅವಳಿಗೆ ಖುಷಿ.

"ನೀನು 'ಅದ' ಅಂತಿ, ನಾನು 'ಉಂಟು' ಅಂತೇನೆ. ಹುಳಕ್ಕೆ ಯಾವುದು ಅರ್ಥ ಆಗ್ತದೆ ನೋಡುವ" ಎಂದಿದ್ದಳು ಮೊದಲ ದಿನ.

ಮೀಸಿಹುಳ ಹಿಡಿಯುವ ರೀತಿ ಹೀಗೆ. ಅದು ಬೇಟೆಯ ಹಿಂದೆ ಓಡುವುದಿಲ್ಲ. ಮೀಸೆ ಚಾಚಿಕೊಂಡು ನೀರಿನಲ್ಲಿ ಸುಮ್ಮನೆ ತೂಗಿಕೊಂಡಿರುತ್ತದೆ. ಅದರ ಕಣ್ಣಿಗೆ ಬೆಳಕು ಕತ್ತಲೆ ಬಿಟ್ಟರೆ ಏನೂ ತಿಳಿಯುವುದಿಲ್ಲವಂತೆ. ಬುಗುರಿ ಹತ್ತಿರ ಈಜಿ ಬಂದರೆ ನೀರು ಅಲುಗುತ್ತದೆ, ಆ ಅಲುಗಾಟ ಮೀಸೆಯ ಕೂದಲಿಗೆ ತಾಗುತ್ತದೆ. ಯಾವ ಕಡೆಯಿಂದ, ಎಷ್ಟು ದೂರದಿಂದ ಎಂದು ಅಷ್ಟರಲ್ಲೇ ಅದಕ್ಕೆ ಗೊತ್ತು. ಒಂದೇ ನೆಗೆತ. ಕಾಲುಗಳ ನಡುವೆ ಬುಗುರಿ ಇರುತ್ತದೆ. ಕೆಲವು ಸಲ ಹಿಡಿದದ್ದನ್ನು ಬಾಯಿಯ ಹತ್ತಿರ ಒಂದೆರಡು ಸಲ ತಿರುವಿ, ಬೇಡವೆಂದು ಬಿಟ್ಟೂ ಬಿಡುತ್ತದೆ. ನಮ್ಮ ಕಣ್ಣು ಮಿಟುಕುವುದರೊಳಗೆ ಇಂಥ ಹತ್ತಾರು ನೆಗೆತ ಆಗಿ ಹೋಗಬಹುದು. ಕ್ಯಾಮೆರಾ ಒಂದು ಸೆಕೆಂಡಿಗೆ ಎರಡು ಸಾವಿರ ಚಿತ್ರ ತೆಗೆಯುತ್ತದೆ. ಅದನ್ನು ನಿಧಾನವಾಗಿ ಬಿಟ್ಟಾಗಲೇ ನಮಗೆ ಕಾಣುವುದು.

ಕಾಣಿಸಿದ್ದನ್ನು ಗುರುತು ಮಾಡುವುದು ನನ್ನ ಇನ್ನೊಂದು ಕೆಲಸ ಆಯಿತು. ತೊಳೆಯುವುದು ಮುಗಿದ ಮೇಲೆ ಅಲ್ಲಿ ನಿಂತು ನೋಡುತ್ತಿದ್ದೆ. ಒಂದು ದಿನ ತನುಶ್ರೀ ಅಕ್ಕ ಎದ್ದು ಕುರ್ಚಿ ಕೊಟ್ಟಳು. ಗಣಕಯಂತ್ರ ಹುಳ ನೆಗೆದ ಕಡೆಯಲ್ಲೆಲ್ಲ ಸಣ್ಣ ತುಣುಕು ಕತ್ತರಿಸಿ ಇಡುತ್ತದೆ. ನಾನು ಒಂದೊಂದನ್ನೇ ನೋಡಿ ಕೀಲಿ ಒತ್ತಬೇಕು. ಒಂದು ಒತ್ತಿದರೆ ಹಿಡಿಯಿತು. ಎರಡು ಎಂದರೆ ತಪ್ಪಿಸಿಕೊಂಡಿತು. ಮೂರು ಎಂದರೆ ಹಿಡಿದು ಬಿಟ್ಟಿತು. ನಾನು ಒತ್ತಿದ್ದನ್ನು ಅವಳು ಮೊದಲ ವಾರ ಪೂರ್ತಿ ಮತ್ತೆ ನೋಡಿದಳು. ಎರಡನೆಯ ವಾರ ಅರ್ಧ ನೋಡಿದಳು. ಆಮೇಲೆ ನೋಡಲಿಲ್ಲ.

ಅವಳ ಕೆಲಸದಲ್ಲಿ ಎರಡು ಶೆಲ್ಫ್. ಒಂದು ತಂಪು, ಸಮುದ್ರದಲ್ಲಿ ಈಗ ಇರುವಷ್ಟು. ಇನ್ನೊಂದು ಅದಕ್ಕಿಂತ ಮೂರು ಡಿಗ್ರಿ ಬಿಸಿ. ಮುಂದೆ ಸಮುದ್ರ ಬಿಸಿಯಾದರೆ ಇವು ಹಿಡಿದು ತಿನ್ನುವುದು ಹೇಗೆ ಬದಲಾಗುತ್ತದೆ ಎನ್ನುವುದು ಪ್ರಶ್ನೆ. ಒಂದೊಂದು ಶೆಲ್ಫಿನಲ್ಲಿ ಬುಗುರಿ ಬೆಳೆಸುವ ಆರು ದೊಡ್ಡ ಜಾಡಿ, ಹುಳಕ್ಕೆ ಉಣಿಸುವ ಹನ್ನೆರಡು ಬಾಟಲಿ. ತಂಪಿನದು ಅಂಬಣ್ಣ ಕಾಕಾನದು. ಬಿಸಿಯದನ್ನು ದೀಪಾವಳಿ ಆದ ಮೇಲೆ ನನಗೆ ಒಪ್ಪಿಸಿದರು.

ಸೋಮವಾರ ಜಾಡಿಯ ಬುಗುರಿಯನ್ನೆಲ್ಲ ಎಣಿಸಿ, ಎಲ್ಲ ಬಾಟಲಿಗೂ ಸಮವಾಗಿ ಹಂಚುತ್ತಾರೆ. ಬಾಟಲಿಗೆ ಹತ್ತು ಹುಳ ಬಿಡುತ್ತಾರೆ. ಜಾಡಿ ಖಾಲಿಯಾಗುತ್ತದೆ, ಬಿಸಿ ನೀರಿನಲ್ಲಿ ತೊಳೆದು ಬೋರಲು ಹಾಕಬೇಕು. ಮಂಗಳವಾರ ಬೆಳಿಗ್ಗೆ ಬಾಟಲಿಯ ನೀರನ್ನು ಬಟ್ಟೆಯಲ್ಲಿ ಸೋಸಿದರೆ ಹುಳ ಮೇಲೆ ಉಳಿಯುತ್ತವೆ. ಕೆಳಗೆ ಇಳಿದ ನೀರಿನಲ್ಲಿ ಉಳಿದ ಬುಗುರಿಗಳನ್ನು ಎಣಿಸುತ್ತಾರೆ. ಎಷ್ಟು ಉಳಿದವು ಎಂದು ಗೊತ್ತಾದರೆ ಎಷ್ಟು ತಿಂದವು ಎಂದೂ ಗೊತ್ತಾಯಿತು. ಆ ನೀರು ಮೋರಿಗೆ. ಮಧ್ಯಾಹ್ನ ಜಾಡಿಗೆ ಹೊಸ ನೀರು, ಹಸಿರು ಪಾಚಿ, ಫ್ರಿಜ್ಜಿನ ಪಕ್ಕದ ಪೆಟ್ಟಿಗೆಯಲ್ಲಿರುವ ಮೂಲ ಬಾಟಲಿಯಿಂದ ಹತ್ತು ಹನಿ ಬುಗುರಿ. ಮುಂದಿನ ಸೋಮವಾರಕ್ಕೆ ಮತ್ತೆ ಬೆಳೆದಿರುತ್ತವೆ. ಇಷ್ಟನ್ನೂ ಒಂದು ಕಾಗದದಲ್ಲಿ ಇಂಗ್ಲಿಷಿನಲ್ಲಿ ಬರೆದು ಗೋಡೆಗೆ ಅಂಟಿಸಿದ್ದರು. ಅಂಬಣ್ಣ ಕಾಕಾ ಬಾಯಲ್ಲಿ ಹೇಳಿದ.

"ಖಾಲಿ ಮಾಡು, ತೊಳಿ, ಹೊಸಾದು ಹಾಕು. ಇದ್ರಾಗ ತಲಿ ಕೆಡಿಸ್ಕೊಳ್ಳೋದು ಏನೂ ಇಲ್ಲ."

ನಾನು ತೊಳೆದೆ. ಸೋಮವಾರ ಸಂಜೆ ಅವನ ಆರು ಜಾಡಿ ಬೋರಲು ಬಿದ್ದಿದ್ದವು, ನನ್ನ ಆರು ಜಾಡಿಯೂ ಬೋರಲು ಬಿದ್ದಿದ್ದವು. ಮಂಗಳವಾರ ಅವನ್ನು ಎತ್ತಿ ನೆಟ್ಟಗೆ ಇಟ್ಟಾಗ ತಳ ಒಣಗಿತ್ತು. ನಮ್ಮ ಮನೆಯಲ್ಲಿ ಅವ್ವ ಒಣಗಿದ ಕೊಡಕ್ಕೆ ನೀರು ಹಾಕಗೊಡುವುದಿಲ್ಲ. ಟ್ಯಾಂಕರ್ ಬರುವ ದಿನ ಕೊಡದಲ್ಲಿ ಒಂದು ಲೋಟ ಹಳೆಯ ನೀರು ಇರಲೇಬೇಕು, ಅದರ ಮೇಲೆ ಹೊಸದು. ಕೊಡ ತೊಳೆಯುವಾಗ ಆ ಲೋಟ ನೀರನ್ನು ತೆಗೆದಿಟ್ಟು, ತೊಳೆದು, ಮೊದಲು ಅದನ್ನೇ ಸುರಿಯುತ್ತಾಳೆ. ಜೋಳದ ಹಿಟ್ಟಿನ ಡಬ್ಬಿಯಲ್ಲಿಯೂ ಒಂದು ಹಿಡಿ ಬಿಟ್ಟೇ ಹೊಸ ಹಿಟ್ಟು ಹಾಕುವುದು. ಯಾಕೆ ಎಂದು ನಾನು ಕೇಳಿಲ್ಲ, ಅವಳೂ ಹೇಳಿಲ್ಲ. ಕೈ ತಾನಾಗಿ ಮಾಡುತ್ತದೆ.

ನನ್ನ ಬಾಟಲಿಗಳಿಂದ ಸೋಸಿದ, ಮೋರಿಗೆ ಹೋಗಬೇಕಾದ ನೀರು ಬಕೆಟ್ಟಿನಲ್ಲಿ ಅಲ್ಲೇ ಇತ್ತು. ನನ್ನ ಊಟದ ಚೀಲದಲ್ಲಿದ್ದ ಸ್ಟೀಲ್ ಲೋಟ ತೆಗೆದು, ಬಿಸಿ ನೀರಿನಲ್ಲಿ ಎರಡು ಸಲ ತೊಳೆದು, ಒಂದೊಂದು ಜಾಡಿಗೆ ಒಂದೊಂದು ಲೋಟ ಹಾಕಿದೆ. ಅದರ ಮೇಲೆ ಹೊಸ ನೀರು, ಪಾಚಿ, ಹತ್ತು ಹನಿ. ಮುಚ್ಚಿಡುವಂಥದ್ದು ಎಂದೂ ಅನ್ನಿಸಲಿಲ್ಲ, ಹೇಳುವಂಥದ್ದು ಎಂದೂ ಅನ್ನಿಸಲಿಲ್ಲ.

ಮುಂದಿನ ಸೋಮವಾರ ನನ್ನ ಜಾಡಿಗಳು ಕಾಕಾನ ಜಾಡಿಗಿಂತ ಮೊದಲೇ ದಟ್ಟವಾಗಿದ್ದವು. ತನುಶ್ರೀ ಅಕ್ಕ ಎಣಿಸಿ ನೋಡಿ, ಮತ್ತೆ ಎಣಿಸಿದಳು.

"ಬಿಸಿಯಲ್ಲಿ ಬೇಗ ಬೆಳೀತವೆ, ಗೊತ್ತುಂಟು. ಆದ್ರೆ ಇಷ್ಟು?" ಎಂದಳು. "ನಿನ್ನ ಕೈಗುಣ ಮಾರಾಯ್ತಿ."

"ನಂದೂ ಹದಿನೆಂಟು ವರ್ಷದ ಕೈ ಐತಿ, ಅದಕ್ಕ ಯಾರೂ ಗುಣ ಅನ್ನಲಿಲ್ಲ" ಎಂದ ಅಂಬಣ್ಣ ಕಾಕಾ.

"ನಿಮ್ಮ ಕೈಗೆ ತಂಬಾಕಿನ ವಾಸನೆ ಕಾಕಾ. ಬುಗುರಿ ಹೆದರ್ತವೆ."

ಆ ಮಾತನ್ನು ನಾನು ಮನೆಗೆ ಹೋಗಿ ಅವ್ವನಿಗೆ ಹೇಳಲಿಲ್ಲ. ಬಸ್ಸಿನಲ್ಲಿ ಮಾತ್ರ ಎರಡು ಮೂರು ಸಲ ನೆನೆದುಕೊಂಡೆ. ಅದರ ನಂತರ ಪ್ರತಿ ಮಂಗಳವಾರ ಲೋಟ ಹಾಕಿದೆ.

ಕಾಕಾ ವಾರಕ್ಕೊಮ್ಮೆ ಒಂದು ಪಟ್ಟಿಯಲ್ಲಿ ಟಿಕ್ಕು ಹಾಕಬೇಕು. ಎರಡೂ ಶೆಲ್ಫಿನ ಜಾಡಿ ಪೂರ್ತಿ ಖಾಲಿ ಮಾಡಿದ್ದು, ತೊಳೆದದ್ದು, ಮೂಲ ಬಾಟಲಿಯಿಂದ ಹಾಕಿದ್ದು. ಅವನು ನನ್ನ ಶೆಲ್ಫಿನ ಕಡೆ ನೋಡದೆ ಟಿಕ್ಕು ಹಾಕುತ್ತಿದ್ದ. ನನ್ನ ಮೇಲೆ ಅಷ್ಟು ನಂಬಿಕೆ.

ದೀಪಾವಳಿಯ ಹೊತ್ತಿಗೆ ಎರಡೂ ಶೆಲ್ಫಿನಲ್ಲಿ ಒಂದು ಹುಳ ದಿನಕ್ಕೆ ನಲವತ್ತರ ಸುಮಾರು ಬುಗುರಿ ತಿನ್ನುತ್ತಿತ್ತು. ಸಂಕ್ರಾಂತಿಗೆ ಬಿಸಿ ಶೆಲ್ಫಿನಲ್ಲಿ ಅದು ಮೂವತ್ತಕ್ಕೆ ಬಂತು. ಹೋಳಿಯ ಹೊತ್ತಿಗೆ ಹತ್ತೊಂಬತ್ತು. ತಂಪಿನದು ನಲವತ್ತರಲ್ಲೇ ಇತ್ತು. ತನುಶ್ರೀ ಅಕ್ಕನ ಗೋಡೆಯ ಮೇಲೆ ಎರಡು ಗೆರೆ ಇದ್ದವು, ನೀಲಿ ಒಂದು, ಕೆಂಪು ಒಂದು. ಕೆಂಪು ವಾರವಾರವೂ ಇಳಿಯುತ್ತಿತ್ತು. ನರ್ಮದಾ ಮೇಡಂ ಬಂದು ಆ ಗೋಡೆಯ ಮುಂದೆ ಬಹಳ ಹೊತ್ತು ನಿಂತಿದ್ದರು. ಇಷ್ಟು ಸ್ಪಷ್ಟವಾದ ಗೆರೆ ತಾವು ನೋಡಿಲ್ಲ ಎಂದರು. ಬಿಸಿ ನೀರಿನಲ್ಲಿ ಹುಳ ಹಿಡಿಯುವ ಶಕ್ತಿ ಕಳೆದುಕೊಳ್ಳುತ್ತದೆ, ದಿನ ಕಳೆದ ಹಾಗೆ ಹೆಚ್ಚು ಕಳೆದುಕೊಳ್ಳುತ್ತದೆ. ಇದನ್ನು ಬರೆದು ಕಳಿಸೋಣ, ಅದಕ್ಕಿಂತ ಮೊದಲು ಯುಗಾದಿ ಆದ ವಾರ, ಶುಕ್ರವಾರ, ಸಮಿತಿಯ ಮುಂದೆ ಹೇಳು ಎಂದು ದಿನ ಗೊತ್ತುಮಾಡಿದರು. ಸಮಿತಿ ಒಪ್ಪಿದರೆ ತನುಶ್ರೀ ಅಕ್ಕನ ಮೂರು ವರ್ಷದ ಕೆಲಸ ದಡ ಸೇರಿದ ಹಾಗೆ.

"ಅಪ್ಪ ಗೋಳಿಬಜೆ ಕಳಿಸ್ತಾರಂತೆ, ಆರು ಡಬ್ಬಿ" ಎಂದಳು. "ಸಮಿತಿಯವರು ತಿಂದು ತೇಗಿ ಒಪ್ಪಿಗೆ ಕೊಡ್ಲಿ ಅಂತ."

ಆ ವಾರದ ಸೋಮವಾರ ಅವಳು ನನಗೊಂದು ಕೆಲಸ ಕೊಟ್ಟಳು. ತೆರೆಯ ಮೇಲೆ ತೋರಿಸಲಿಕ್ಕೆ ಬಿಸಿ ಶೆಲ್ಫಿನ ಒಂದು ಒಳ್ಳೆಯ ನೆಗೆತ ಬೇಕು. ಗಣಕಯಂತ್ರ ಕತ್ತರಿಸಿದ ತುಣುಕುಗಳಲ್ಲಿ ಯಾವುದೂ ಚೆನ್ನಾಗಿಲ್ಲ, ಕತ್ತರಿಸದ ಪೂರ್ತಿ ಚಿತ್ರ ನೋಡಿ ಹುಡುಕು ಎಂದಳು. ಹಾಗೆ ನಾನು ಅಷ್ಟು ದಿನ ನೋಡದ್ದನ್ನು ನೋಡಿದೆ. ಇಷ್ಟು ದಿನ ನೋಡಿದ್ದು ಹುಳ ನೆಗೆದ ಹೊತ್ತುಗಳನ್ನು ಮಾತ್ರ. ನೆಗೆಯದ ಹೊತ್ತನ್ನು ಯಾರೂ ನೋಡಿರಲಿಲ್ಲ, ನೋಡಲಿಕ್ಕೆ ಅಲ್ಲಿ ಏನೂ ಇಲ್ಲ ಎಂದು ಗಣಕಯಂತ್ರವೇ ಬಿಟ್ಟುಬಿಡುತ್ತಿತ್ತು.

ತೆರೆಯ ಮೇಲೆ ಹುಳ ತೂಗುತ್ತಿತ್ತು. ಮೇಲಿನಿಂದ ಒಂದು ಬುಗುರಿ ಬಂತು. ತಿರುಗುತ್ತ ಬರುತ್ತಿತ್ತು, ನಿಂತಿತು. ಸತ್ತಿರಲಿಲ್ಲ, ಅಂಚಿನ ಕೂದಲು ಒಂದಿಷ್ಟು ಅಲುಗುತ್ತಿತ್ತು. ನಿಂತ ಹಾಗೇ ಮೆಲ್ಲಗೆ ಇಳಿಯಿತು. ಮೀಸೆಯ ಪಕ್ಕದಲ್ಲೇ ಇಳಿಯಿತು, ತಾಗಿತೋ ಏನೋ ಎನ್ನುವಷ್ಟು ಹತ್ತಿರ. ಹುಳ ಅಲ್ಲಾಡಲಿಲ್ಲ. ಬುಗುರಿ ಅದರ ಕಾಲಿನ ಕೆಳಗೆ ಹೋದ ಮೇಲೆ ಮತ್ತೆ ತಿರುಗಿ ಈಜಿಕೊಂಡು ಹೋಯಿತು.

ಇಂಥದ್ದು ಮತ್ತೊಂದು ಬಂತು. ಮತ್ತೊಂದು. ಊಟದ ಹೊತ್ತಿನೊಳಗೆ ಅರವತ್ತು ಎಣಿಸಿದೆ. ನಡುವೆ ಒಂದು ಬುಗುರಿ ನಿಲ್ಲದೆ ಜೋರಾಗಿ ತಿರುಗುತ್ತ ಬಂತು, ಹುಳ ಅದನ್ನು ಹಿಡಿಯಿತು. ಮೀಸೆ ಕಂಪಿಸಿದ ಗಳಿಗೆಯಿಂದ ಹಿಡಿದ ತನಕ ಎಷ್ಟು ಚಿತ್ರ ಎಂದು ಒಂದೊಂದೇ ಒತ್ತಿ ಎಣಿಸಿದೆ. ಹದಿನಾಲ್ಕು. ತಂಪು ಶೆಲ್ಫಿನ ಹಳೆಯ ತುಣುಕು ತೆಗೆದು ಎಣಿಸಿದೆ. ಅದೂ ಹದಿನಾಲ್ಕು. ಇನ್ನೊಂದು ಹದಿನೈದು.

ಹುಳದ ಶಕ್ತಿ ಹೋಗಿರಲಿಲ್ಲ.

ಮರುದಿನ ಮಂಗಳವಾರ. ಬಾಟಲಿ ಸೋಸಿದೆ. ಅಕ್ಕ ಎಣಿಸಿ, ಬರೆದುಕೊಂಡು ಹೋದಳು. ನಾನು ಲೋಟ ತೆಗೆದು ಬಕೆಟ್ಟಿನಲ್ಲಿ ಅದ್ದಿ ಮೊದಲ ಜಾಡಿಗೆ ಹಾಕಿದೆ, ಮತ್ತೆ ಅದ್ದಿ ಎರಡನೆಯದರ ಬಾಯಿಯ ತನಕ ಒಯ್ದೆ. ಅಲ್ಲಿಗೆ ಕೈ ನಿಂತಿತು. ಈ ಲೋಟದಲ್ಲಿ ಇರುವುದು ಏನು ಎಂದು ನಾನು ಐದು ತಿಂಗಳಲ್ಲಿ ಒಮ್ಮೆಯೂ ಕೇಳಿಕೊಂಡಿರಲಿಲ್ಲ. ನೀರು ಎಂದುಕೊಂಡಿದ್ದೆ. ಇರುವುದು ನಿನ್ನೆ ರಾತ್ರಿ ಹುಳದ ಕೈಗೆ ಸಿಗದೆ ಉಳಿದವು. ಅವು ಜಾಡಿಗೆ ಹೋಗಿ, ವಾರವಿಡೀ ಎರಡಾಗಿ ನಾಲ್ಕಾಗಿ ಬೆಳೆದು, ಸೋಮವಾರ ಮತ್ತೆ ಹುಳದ ಮುಂದೆ ಹೋಗಿ, ಅದರಲ್ಲಿ ಮತ್ತೆ ಸಿಗದೆ ಉಳಿದವು ಮತ್ತೆ ಈ ಲೋಟಕ್ಕೆ. ಇಪ್ಪತ್ತು ಮಂಗಳವಾರ. ಹತ್ತು ಹನಿಯಲ್ಲಿ ಬರುವ ಹೊಸ ಬುಗುರಿ ಒಂದು ಲೋಟದ ಮುಂದೆ ಎಷ್ಟು ಆದೀತು. ನನ್ನ ಜಾಡಿಯಲ್ಲಿ ಈಗ ಬೆಳೆಯುವವು ಹೆಚ್ಚುಕಡಿಮೆ ಎಲ್ಲವೂ ನಿಲ್ಲುವ ಬುಗುರಿಗಳು.

ಲೋಟವನ್ನು ಮೋರಿಗೆ ಸುರಿದೆ. ಅದರಿಂದ ಆಗಿಹೋದದ್ದೇನೂ ಬದಲಾಗುವುದಿಲ್ಲ ಎಂದು ಗೊತ್ತಿತ್ತು.

ಅಂಬಣ್ಣ ಕಾಕಾ ತನ್ನ ಜಾಡಿ ತುಂಬುತ್ತಿದ್ದ.

"ಕಾಕಾ, ಹುಳಕ್ಕ ಹಾಕೂದಕ್ಕಿಂತ ಮದ್ಲಿನ ನಿನ್ನ ಬುಗುರಿ ಒಂದೀಟು ಉಳದಾವೇನು? ನನಗ ಬೇಕಾಗಿದ್ವು."

"ನಿನಗ್ಯಾಕ ಬೇಕವ್ವಾ ನನ್ನವು? ನಿನ್ನ ಕೈಗುಣದಾಗ ಬಣವಿ ಒಟ್ಟಿದಂಗ ಬೆಳದಾವಲ್ಲ."

"ನೋಡಬೇಕಾಗೇದ."

ನಿನ್ನೆ ಎಣಿಕೆಗೆ ತೆಗೆದು ಉಳಿದಿದ್ದ ಅರ್ಧ ಬಾಟಲಿ ಕೊಟ್ಟ. ನಾನು ಬಿಸಿ ಶೆಲ್ಫಿನ ಹತ್ತು ಹುಳವನ್ನು ಒಂದು ಖಾಲಿ ಬಾಟಲಿಗೆ ಬಿಟ್ಟು, ನನ್ನ ಶೆಲ್ಫಿನ ಬಿಸಿಯಲ್ಲೇ ಇಟ್ಟು, ಒಂದು ತಾಸು ಬಿಟ್ಟು ಕಾಕಾನ ಬುಗುರಿ ಹಾಕಿದೆ. ಕ್ಯಾಮೆರಾ ಹಚ್ಚಿದೆ. ಕ್ಯಾಮೆರಾ ಹಚ್ಚಲು ನನಗೆ ಪರವಾನಗಿ ಇಲ್ಲ. ಹೇಗೆ ಹಚ್ಚುತ್ತಾರೆ ಎಂದು ನೋಡಿ ಕಲಿತಿದ್ದೆ. ಹುಳಗಳು ನೆಗೆಯತೊಡಗಿದವು. ಹೊಟ್ಟೆಗಿಲ್ಲದವರ ಪಂಕ್ತಿಗೆ ಅನ್ನ ಬಡಿಸಿದ ಹಾಗೆ ಇತ್ತು. ಕಾಕಾ ಹಿಂದೆ ಬಂದು ನಿಂತಿದ್ದ.

"ಏನಿದು?"

ಹೇಳಿದೆ. ಲೋಟವನ್ನೂ ತೋರಿಸಿದೆ. ಅವನು ಸ್ಟೂಲಿನ ಮೇಲೆ ಕೂತ.

"ದೀಪಾವಳಿಯಿಂದಾನ?"

"ಹೂಂ."

"ನಾ ಟಿಕ್ಕು ಹಾಕೀನಲ್ಲವ್ವಾ. ಎಲ್ಲಾ ವಾರ." ಸ್ಟೂಲನ್ನು ನನ್ನ ಹತ್ತಿರಕ್ಕೆ ಸರಿಸಿದ. "ನೋಡು ತಂಗಿ. ಇದು ನಿನಗೊಬ್ಬಾಕಿಗೆ ಕಂಡದ. ಮತ್ತ ಯಾರಿಗೂ ಕಾಣೂದಿಲ್ಲ. ಶುಕ್ರವಾರ ಒಂದು ದಾಟ್ಲಿ. ಮುಂದಿನ ವಾರದಿಂದ ಲೋಟ ಹಾಕಬ್ಯಾಡ. ತಾನ ಸರಿ ಆಗ್ತದ."

"ಅಕ್ಕಾ ಬರದದ್ದು ಸುಳ್ಳು ಆಗ್ತದಲ್ಲ."

"ಆಕಿಗೆ ಗೊತ್ತಿಲ್ಲಂದ್ರ ಸುಳ್ಳು ಹೆಂಗ ಆಗ್ತದ? ನೀ ಸುಮ್ಮ ಇರು. ಸುಮ್ಮ ಇರೂದು ನಿನಗೇನು ಹೊಸಾದಾ?"

ಹೊಸದಲ್ಲ. ಶಾಲೆಯಲ್ಲಿ ಗುರುಗಳು ಪ್ರಶ್ನೆ ಕೇಳುತ್ತ ಸಾಲಿನ ನಡುವೆ ಬರುವಾಗ ಪುಸ್ತಕದ ಮೇಲೆ ಕಣ್ಣಿಟ್ಟು ಉಸಿರು ಬಿಗಿ ಹಿಡಿದರೆ ಅವರು ಮುಂದೆ ಹೋಗುತ್ತಿದ್ದರು. ಸೊಸೈಟಿಯ ವಾಚ್‌ಮನ್, ಬಸ್ಸಿನಲ್ಲಿ ಪಕ್ಕದವರು, ಎಲ್ಲರೂ ಹೀಗೇ ದಾಟಿ ಹೋಗುತ್ತಾರೆ. ಅದು ನನಗೆ ಬರುತ್ತದೆ.

ಬುಧವಾರ ನಾನು ಏನೂ ಹೇಳಲಿಲ್ಲ. ಅಕ್ಕ ಕೇಳಿದ ಒಳ್ಳೆಯ ನೆಗೆತ ಹುಡುಕಿ ಕೊಟ್ಟೆ. ಆ ಹದಿನಾಲ್ಕು ಚಿತ್ರದ್ದೇ. ಚೆನ್ನಾಗಿದೆ ಎಂದಳು.

ಗುರುವಾರ ಮಧ್ಯಾಹ್ನ ಅವಳು ಸಭೆಯ ಕೋಣೆಯಲ್ಲಿ ಒಬ್ಬಳೇ ಅಭ್ಯಾಸ ಮಾಡುತ್ತಿದ್ದಳು. ಖಾಲಿ ಕುರ್ಚಿಗೆ ಹೇಳಿದರೆ ಮಾತು ಬರುವುದಿಲ್ಲ, ನೀನು ಬಂದು ಕೂತುಕೋ ಎಂದು ಕರೆದಳು. ಇಂಗ್ಲಿಷಿನಲ್ಲಿ ಹೇಳಿ, ನನಗಾಗಿ ಕನ್ನಡದಲ್ಲಿ ಹೇಳಿ, ಮುಂದಕ್ಕೆ ಹೋಗುತ್ತಿದ್ದಳು. ನೀಲಿ ಗೆರೆ, ಕೆಂಪು ಗೆರೆ ಬಂದವು.

"ಇಲ್ಲಿ ನಾನು ಒಂದು ಸೆಕೆಂಡ್ ಸುಮ್ನೆ ನಿಲ್ತೇನೆ. ಅವರು ನೋಡ್ಲಿ. ಆಮೇಲೆ ಹೇಳ್ತೇನೆ, ನಮ್ಮ ಬೇಟೆಗಾರ ಬಿಸಿಯಲ್ಲಿ ಸೋತು ಹೋಗ್ತದೆ ಅಂತ. ಹೇಗುಂಟು?"

"ಹುಳ ಸೋತಿಲ್ಲರಿ ಅಕ್ಕಾ" ಎಂದೆ. "ಬುಗುರಿ ನಿಂತಾವ್ರಿ."

"ಎಂತ?"

ಎರಡನೆಯ ಸಲ ಹೇಳುವುದು ಮೊದಲನೆಯ ಸಲಕ್ಕಿಂತ ಕಷ್ಟ ಇತ್ತು. ಹೇಳಿದೆ. ಪೂರ್ತಿ ಚಿತ್ರದಲ್ಲಿ ನೋಡಿದ್ದು, ಎಣಿಸಿದ್ದು, ಕಾಕಾನ ಬುಗುರಿ ಹಾಕಿ ನೋಡಿದ್ದು. ಲೋಟವನ್ನು ಕೊನೆಗೆ ಹೇಳಿದೆ. ಕಾಕಾನ ಟಿಕ್ಕಿನ ಮಾತು ಹೇಳಲಿಲ್ಲ, ಆದರೆ ಅದು ತಾನಾಗಿ ತಿಳಿಯುವಂಥದ್ದು.

ತನುಶ್ರೀ ಅಕ್ಕ ಕೈಯಲ್ಲಿದ್ದ, ತೆರೆಯ ಚಿತ್ರ ಬದಲಿಸುವ ಗುಂಡಿಯನ್ನು ಮೇಜಿನ ಮೇಲೆ ಇಟ್ಟಳು.

"ಯಾರು ಹೇಳಿದ್ದು ನಿನಗೆ ಹಾಕ್ಲಿಕ್ಕೆ?"

"ಯಾರೂ ಹೇಳಿಲ್ರಿ. ಬರೇ ಜಾಡಿಗೆ ನೀರು ಹಾಕಬಾರ್ದಂತ..."

"ಯಾರು ಹಾಕಬಾರ್ದು ಅಂದದ್ದು?"

"ನಮ್ಮ ಮನ್ಯಾಗರಿ. ಕೊಡಕ್ಕ."

ಅವಳು ನಕ್ಕಳು ಎಂದುಕೊಂಡೆ. ನಕ್ಕಿರಲಿಲ್ಲ. ಕಿಟಕಿಯ ಹತ್ತಿರ ಹೋಗಿ ನಿಂತಳು. ಕೆಳಗೆ ಸ್ಕೂಟರ್‌ಗಳು ಹೋಗುತ್ತಿದ್ದವು. ತಿರುಗದೆ ಕೇಳಿದಳು.

"ಕೈಗುಣ ಅಂದೆನಲ್ಲ ನಾನು. ಆಗ ಇದನ್ನು ಹೇಳ್ಬೇಕು ಅನ್ನಿಸ್ಲಿಲ್ವಾ?"

ಆ ಮಾತನ್ನು ಬಿಟ್ಟುಕೊಡಲು ಆಗ ಮನಸ್ಸಿರಲಿಲ್ಲ.

"ನಾಳೆ ಹನ್ನೊಂದಕ್ಕೆ ಉಂಟು ಶಿವಕಾಂತಾ. ನೀನು ಇದನ್ನು ನಾಡಿದ್ದು ಶನಿವಾರ ಹೇಳ್ಬಹುದಿತ್ತು."

"ಶನಿವಾರ ಹೇಳಿದ್ರ..." ಎಂದೆ.

"ಹೌದು" ಎಂದಳು. "ಶನಿವಾರ ಹೇಳಿದ್ರೆ ಸಮಿತಿ ಒಪ್ಪಿಗೆ ಕೊಟ್ಟಾಗಿರ್ತಿತ್ತು. ಆಮೇಲೆ ಅದು ನನ್ನ ಸುಳ್ಳೇ."

ಚಿತ್ರ ತೋರಿಸು ಎಂದಳು. ತೋರಿಸಿದೆ. ಅವಳು ನಿಂತುಕೊಂಡೇ ನಲವತ್ತು ನಿಮಿಷ ನೋಡಿದಳು. ಬುಗುರಿಯೊಂದು ಮೀಸೆಯ ಪಕ್ಕ ನಿಂತು ಇಳಿದು ಹೋಗುವುದನ್ನು ಹಿಂದಕ್ಕೆ ತಂದು ಹಿಂದಕ್ಕೆ ತಂದು ನೋಡಿದಳು. ನಂತರ ನರ್ಮದಾ ಮೇಡಂನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಕಾಕಾ ತೊಳೆದ ಗಾಜನ್ನೇ ಮತ್ತೆ ತೊಳೆಯುತ್ತಿದ್ದ. "ಮಾತಾಡಿದಿ" ಎಂದ.

ಅರ್ಧ ತಾಸಿನ ಮೇಲೆ ಮೇಡಂ ಹೊರಗೆ ಬಂದರು. ಸಿಟ್ಟು ಇತ್ತೋ ಇಲ್ಲವೋ ಅವರ ಮುಖದಲ್ಲಿ ತಿಳಿಯುವುದಿಲ್ಲ. ಮರಾಠಿಯಲ್ಲಿ, ನಿಧಾನವಾಗಿ, ಲೋಟ ತೋರಿಸು ಎಂದರು. ಚೀಲದಿಂದ ತೆಗೆದು ಕೊಟ್ಟೆ. ತಳದಲ್ಲಿ ಅವ್ವನ ಹೆಸರು ಚುಕ್ಕಿಚುಕ್ಕಿಯಾಗಿ ಕೊರೆಸಿತ್ತು. ಅಂಚಿನ ತನಕ ತುಂಬಿಸುತ್ತಿದ್ದೆಯಾ, ಎರಡು ಬೆರಳು ಕಡಿಮೆಯಾ? ಒಂದು ಬೆರಳು ಕಡಿಮೆ ಎಂದೆ. ಅಷ್ಟು ನೀರು ತುಂಬಿಸಿ ಅಳತೆಯ ಗಾಜಿಗೆ ಸುರಿದು ನೋಡಿದರು. ನೂರ ಎಂಬತ್ತು. ಯಾವ ವಾರವಾದರೂ ತಪ್ಪಿತ್ತೇ? ಸಂಕ್ರಾಂತಿಯ ವಾರ ಅರ್ಧ ದಿನ ರಜೆ ಇತ್ತು, ಅವಸರದಲ್ಲಿ ಎರಡು ಜಾಡಿಗೆ ಹಾಕಲಿಲ್ಲ ಎಂದೆ. ಎಲ್ಲವನ್ನೂ ಬರೆದುಕೊಂಡರು. ಗೋಡೆಯ ಹತ್ತಿರ ಹೋಗಿ ಸಂಕ್ರಾಂತಿಯ ವಾರದ ಮೇಲೆ ಬೆರಳು ಇಟ್ಟರು. ಕೆಂಪು ಗೆರೆ ಅಲ್ಲಿ ಒಂದಿಷ್ಟು ಏರಿ, ಮತ್ತೆ ಇಳಿದಿತ್ತು. ಅದನ್ನು ಇಷ್ಟು ದಿನ ಎಲ್ಲರೂ ನೋಡಿದ್ದರು.

ಮೇಡಂ ಲೋಟವನ್ನು ತಿರುಗಿ ಕೊಡುತ್ತ, ಮೂಲ ಬಾಟಲಿಯಲ್ಲಿ ಸಮುದ್ರದಿಂದ ತಂದ ಹಲವು ಬಗೆಯ ಬುಗುರಿ ಕೂಡಿಕೊಂಡಿವೆ, ಜೋರಾದವು, ಮಂದವಾದವು, ನಿಂತು ನಿಂತು ಹೋಗುವವು ಎಂದು ವಿವರಿಸಿದರು. ನಾನು ಹುಳದ ಕೈಯಿಂದ ನಿಲ್ಲುವವನ್ನೇ ಆರಿಸಿದ ಹಾಗೆ ಆಯಿತಂತೆ. ನೆಗೆಯುವುದು ಬೇಟೆ ಅಲುಗಿದರೆ ಮಾತ್ರ ಎನ್ನುವುದು ಗೊತ್ತಿದ್ದ ವಿಷಯ. ಇಪ್ಪತ್ತು ವಾರದಲ್ಲಿ ಒಂದು ಜಾಡಿ ಇಷ್ಟು ಬದಲಾಗಬಹುದು ಎನ್ನುವುದು ತಮಗೆ ಗೊತ್ತಿರಲಿಲ್ಲ ಎಂದರು. ಹೊಗಳಿದ ಹಾಗೆ ಇರಲಿಲ್ಲ. ಹೊಸ ಪರೀಕ್ಷೆ ಮುಗಿಯುವವರೆಗೆ ನಾನು ಯಾವ ಜಾಡಿಯನ್ನೂ ಮುಟ್ಟುವ ಹಾಗಿಲ್ಲ. ನೋಡದೆ ಟಿಕ್ಕು ಹಾಕಿದ್ದಕ್ಕೆ ಕಾಕಾನಿಗೆ ಕಾರಣ ಕೇಳುವ ಕಾಗದ ಕೊಡುತ್ತಾರೆ.

ಶುಕ್ರವಾರದ ಸಭೆ ರದ್ದಾಯಿತು. ಗೋಳಿಬಜೆಯ ಆರು ಡಬ್ಬಿಗೆ ಅದು ಗೊತ್ತಿರಲಿಲ್ಲ, ಹತ್ತೂವರೆಗೆ ಬಂದವು. ಹೋಟೆಲಿನ ಹುಡುಗನ ಜೊತೆ ತಿರುಗಿ ಕಳಿಸಿದರೆ ಅಪ್ಪ ಏನಾಯಿತೆಂದು ಕೇಳುತ್ತಾರೆ ಎಂದು ತನುಶ್ರೀ ಅಕ್ಕ ಅವನ್ನು ಇರಿಸಿಕೊಂಡಳು. ಮಹಡಿಯ ಎಲ್ಲರೂ ತಿಂದರು. ಯಾರೋ ಬಂದು ಅಭಿನಂದನೆ ಎಂದರು, ಅವಳು ಥ್ಯಾಂಕ್ಸ್ ಎಂದಳು. ನನ್ನ ಹತ್ತಿರ ಡಬ್ಬಿ ಬಂದಾಗ ಒಂದು ತೆಗೆದುಕೊಂಡೆ. ತಣ್ಣಗಾಗಿತ್ತು.

ಶನಿವಾರ ಬಿಸಿ ಶೆಲ್ಫಿನ ಜಾಡಿಗಳಿಗೆ ಬ್ಲೀಚಿಂಗ್ ಹಾಕಿ ಸುರಿಯಬೇಕಿತ್ತು. ಮುಟ್ಟಬೇಡ ಎಂದಿದ್ದರು, ಆದರೆ ಸುರಿಯುವುದಕ್ಕೆ ನನ್ನನ್ನೇ ಕರೆದರು. ಐದು ಜಾಡಿ ಸುರಿದೆ. ತಳದಲ್ಲಿ ಒಂದು ಹನಿಯೂ ಬಿಡದೆ, ಬೋರಲು ಹಾಕಿ, ಒಂದೊಂದರ ತಳವನ್ನು ಎರಡು ಸಲ ತಟ್ಟಿದೆ. ಆರನೆಯದು ಮಂಗಳವಾರ ಲೋಟ ಬಿದ್ದಿದ್ದ ಜಾಡಿ, ಅದನ್ನು ಮೇಡಂ ಸುರಿಯಗೊಡಲಿಲ್ಲ. ಅದನ್ನು ಬೇರೆ ಕೋಣೆಯಲ್ಲಿ ಇಟ್ಟು ಬೀಗ ಹಾಕಿದರು.

ಅಂದು ಮನೆಗೆ ಹೋದಾಗ ಟ್ಯಾಂಕರ್ ಬಂದಿತ್ತು. ಅವ್ವ ಕೊಡ ತೊಳೆದು, ತೆಗೆದಿಟ್ಟಿದ್ದ ಲೋಟ ನೀರನ್ನು ಮೊದಲು ಸುರಿದು, ಪೈಪು ಹಿಡಿದಳು.

"ಅವ್ವಾ, ಹಂಗ್ಯಾಕ ಹಾಕ್ತಿ?"

"ಹೆಂಗ?"

"ಹಳೀದು ಮದ್ಲಿಗೆ."

"ಹಾಕಬೇಕು" ಎಂದಳು. "ಈ ಕೊಡ ಹಿಡಿ, ಚೆಲ್ಲಾಕತ್ತದ."

ತನುಶ್ರೀ ಅಕ್ಕ ಹನ್ನೊಂದು ದಿನ ನನ್ನ ಜೊತೆ ಮಾತಾಡಲಿಲ್ಲ. ಎರಡೂ ಶೆಲ್ಫಿನ ಜಾಡಿ ತಾನೇ ತೊಳೆದಳು, ತಾನೇ ತುಂಬಿದಳು. ಕೈಗೆ ಅಭ್ಯಾಸವಿಲ್ಲದೆ ಒಂದನ್ನು ಒಡೆದಳು. ನಾನು ಗಾಜು ಬಳಿದೆ. ಕಾಕಾ ನನ್ನ ಹತ್ತಿರ ಬಕೆಟ್ ಕೊಡು, ಬ್ರಷ್ ಕೊಡು ಎನ್ನುವಷ್ಟು ಮಾತಾಡಿದ. ಅವನಿಗೆ ಬಂದ ಕಾಗದ ಅವನ ಕಪಾಟಿನಲ್ಲಿ, ಚಹಾದ ಪುಡಿಯ ಕೆಳಗೆ ಇತ್ತು. ಅವನು ಅದನ್ನು ಅಲ್ಲಿಂದ ತೆಗೆಯುವುದನ್ನೂ ಮತ್ತೆ ಇಡುವುದನ್ನೂ ನೋಡಿದ್ದೇನೆ. ಇನ್ನು ನನ್ನನ್ನು ಬಿಡಿಸುತ್ತಾರೆ, ತಿಂಗಳ ಕೊನೆಗೆ ಹೇಳುತ್ತಾರೆ ಎಂದು ನಾನು ಲೆಕ್ಕ ಹಾಕಿಕೊಂಡಿದ್ದೆ. ಅವ್ವನ ಜೊತೆ ಕಟ್ಟಡಕ್ಕೆ ಹೋಗುವುದು ಎಂದೂ ಯೋಚನೆ ಮಾಡಿಟ್ಟಿದ್ದೆ.

ಹನ್ನೆರಡನೆಯ ದಿನ ಅಕ್ಕ ಗಣಕಯಂತ್ರದ ಮುಂದಿನ ಕುರ್ಚಿ ಎಳೆದು ನನ್ನ ಕಡೆಗೆ ತಿರುಗಿಸಿದಳು.

"ತಪ್ಪು ತಪ್ಪೇ" ಎಂದಳು. "ಹೊಸ ಪರೀಕ್ಷೆಗೆ ಐದು ತಿಂಗಳು ಬೇಕು. ಅದರಲ್ಲಿ ಕೆಂಪು ಗೆರೆ ಇಳಿಯದೆಯೂ ಹೋಗ್ಬಹುದು. ಆಗ ನನ್ನ ಹತ್ತಿರ ಹೇಳ್ಲಿಕ್ಕೆ ಏನೂ ಇರೋದಿಲ್ಲ. ನಿನಗೆ ಗೊತ್ತಿರ್ಲಿ ಅಂತ ಹೇಳಿದ್ದು."

"ಹೂಂ ರೀ."

"ಕೂತ್ಕೋ."

ಕೂತೆ. ತೆರೆಯ ಮೇಲೆ ಇದ್ದದ್ದು ತುಣುಕುಗಳಲ್ಲ, ಕತ್ತರಿಸದ ಪೂರ್ತಿ ಚಿತ್ರ. ದೀಪಾವಳಿ ಆದ ಮೊದಲ ವಾರದಿಂದ ಎಲ್ಲವೂ. ಕೆಳಗೆ ಮೂರು ಕೀಲಿಯ ಪಟ್ಟಿಯ ಜಾಗದಲ್ಲಿ ನಾಲ್ಕು ಇದ್ದವು. ಹಿಡಿಯಿತು, ತಪ್ಪಿಸಿಕೊಂಡಿತು, ಹಿಡಿದು ಬಿಟ್ಟಿತು. ನಾಲ್ಕನೆಯದರ ಎದುರು ಅವಳು ಕನ್ನಡದಲ್ಲೇ ಬರೆದಿದ್ದಳು: ಗೊತ್ತೇ ಆಗಲಿಲ್ಲ.

"ಎಲ್ಲಾ ನೋಡ್ಬೇಕು" ಎಂದಳು. "ನೀನು ಒತ್ತಿದ್ದನ್ನು ನಾನು ಮತ್ತೆ ನೋಡ್ತೇನೆ. ಪ್ರತಿಯೊಂದನ್ನೂ."

ಸರಿ ಎಂದೆ. ಹುಳ ಮೀಸೆ ಚಾಚಿಕೊಂಡು ತೂಗುತ್ತಿತ್ತು. ಇದು ದೀಪಾವಳಿಯ ವಾರದ್ದು, ಬುಗುರಿಗಳು ಜೋರಾಗಿ ಬರುತ್ತಿದ್ದವು. ಒಂದು ಒತ್ತಿದೆ, ಒಂದು, ಎರಡು, ಒಂದು. ಮಧ್ಯಾಹ್ನದ ಹೊತ್ತಿಗೆ ಮೂರನೆಯ ವಾರಕ್ಕೆ ಬಂದೆ. ಎಡಗಡೆಯ ಮೂಲೆಯಲ್ಲಿ ಒಂದು ಬುಗುರಿ ನಿಂತು, ಮೀಸೆಯ ಪಕ್ಕದಲ್ಲಿ ಇಳಿಯತೊಡಗಿತು. ಅದು ಪೂರ್ತಿ ಇಳಿದು ಹೋಗುವ ತನಕ ಕಾಯ್ದು, ನಾಲ್ಕು ಒತ್ತಿದೆ.
​